ಹಳ್ಳಕ್ಕೆ ಅದ್ದಿದ ಬಿಳಿ ಪಟ್ಟಿ

ಬೆಳಗಿನ ಐದೂವರೆ. ಕಾಗದನಗರದ ಕ್ವಾರ್ಟರ್ಸ್ ಹಿಂದಿನ ಹಳ್ಳದಲ್ಲಿ ಮೂರ್ತಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದಾರೆ. ಕೈಯಲ್ಲಿ ಬಿಳಿ ಪೇಪರಿನ ಒಂದು ಪಟ್ಟಿ. ಅದನ್ನು ಅರ್ಧಕ್ಕೆ ಅದ್ದಿ, ಬಾಯಲ್ಲೇ ನೂರು ಎಣಿಸಿ, ಮೇಲೆತ್ತುತ್ತಾರೆ. ಮನೆಯಲ್ಲಿ ಹೆಂಡತಿ ಹಾಲಮ್ಮ ಅದನ್ನು ಕಾಫಿ ಪಾತ್ರೆಯ ಬಿಸಿ ಮುಚ್ಚಳದ ಮೇಲೆ ಹರಡಿ ಒಣಗಿಸುತ್ತಾರೆ.

ಒಣಗಿದ ಪಟ್ಟಿಯನ್ನು ಇವತ್ತು ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಚಿನುದ್ದಕ್ಕೂ ಕಂದು ಗೆರೆ. ಮೂರನೇ ದಿನ ಇದು.

"ಕೆಸರಿರಬೋದು ಬಿಡಿ," ಅನ್ನುತ್ತಾರೆ ಹಾಲಮ್ಮ.

"ಕೆಸರಾದ್ರೆ ತಟ್ಟಿದ್ರೆ ಉದುರುತ್ತೆ ಕಣೇ. ಇದು ಪೇಪರೊಳಗೇ ಇಳಿದೈತೆ."

ಮೂರ್ತಪ್ಪನವರಿಗೆ ಎಪ್ಪತ್ತೊಂದು. ಮೂವತ್ತೆರಡು ವರ್ಷ ಕಾಗದದ ಮಿಲ್ಲಿನಲ್ಲಿ ತಿರುಳು ಬೇಯಿಸುವ ವಿಭಾಗದಲ್ಲಿದ್ದವರು. ಓದಿದ್ದು ನಾಲ್ಕನೇ ಕ್ಲಾಸು. ಸೈರನ್ನಿಗೆ ಊರು ಏಳುತ್ತಿದ್ದ ಕಾಲ ಹೋಗಿ, ಮಿಲ್ಲು ನಿಂತ ಮೇಲೆ, ಬಸ್‌ಸ್ಟಾಪಿನ ಗೋಡೆಗೆ ಒಂದು ಕರಿ ಹಲಗೆ ಹೊಡೆದರು. ಪ್ರತಿ ಬೆಳಿಗ್ಗೆ ಅದರ ಮೇಲೆ ಅಡಿಕೆ ರೇಟು, ಪೇಪರಿನ ಒಂದು ಸುದ್ದಿ, ಅದರ ಕೆಳಗೆ 'ನನಗನ್ನಿಸಿದ್ದು' ಎಂದು ತಮ್ಮದೊಂದು ಸಾಲು ಬರೆಯುತ್ತಾರೆ. ಹಲಗೆಯ ಬಲಗಡೆ ಮೊಳೆಗೆ ಆ ದಿನದ ಪಟ್ಟಿ. ಹಳ್ಳದ ದಡದ ಬಾವಿಯಿಂದ ಇಪ್ಪತ್ತಾರು ಮನೆಗೆ ನೀರು ಹೋಗುತ್ತದೆ; ಹಳ್ಳದಲ್ಲಿ ಬಂದದ್ದು ಬಾವಿಗೆ ಬರಲು ಎಷ್ಟು ಹೊತ್ತು ಎಂಬುದು ಅವರ ಚಿಂತೆ.

ಅವರ ಸಾಲುಗಳನ್ನು ಓದಲೆಂದೇ ಬಂದ ಬಸ್ಸನ್ನೂ ಹತ್ತದೆ ಬಿಡುವವರಿದ್ದಾರೆ. ನಿಂತ ಮಿಲ್ಲು ಸದ್ಯದಲ್ಲೇ ಶುರುವಾಗುತ್ತದೆಂಬ ಹೇಳಿಕೆ ಬಂದ ದಿನ ಬರೆದಿದ್ದರು: 'ಹೇಳಿಕೆ ಶುರುವಾಗಿ ಬಹಳ ದಿನ ಆಯ್ತು.' ರಸ್ತೆ ಅಗಲ ಮಾಡಲು ಸಾಲುಮರ ಕಡಿಯುವ ಸುದ್ದಿಯ ಕೆಳಗೆ: 'ಬಸ್ ಕಾಯುವವರು ಎಲ್ಲಿ ನಿಲ್ಲಬೇಕು ಅಂತ ಬರೆದಿಲ್ಲ.'

ಹಲಗೆಯ ಕೆಳಮೂಲೆಯಲ್ಲಿ ಮಾತ್ರ ಸೀಮೆಸುಣ್ಣದಲ್ಲ, ಬಿಳಿ ಪೇಂಟಿನಲ್ಲಿ ಒಂದು ಸಾಲಿದೆ. 'ಒಂದು ದಿನ ನಾನು ತಪ್ಪು ಬರೆದೆ.'

ಅದು ಹೋದ ಕಾರ್ತಿಕದ ಮಾತು. ಪಟ್ಟಿ ಹೀಗೇ ಕಂದಾಗಿ ಬಂತು. ತಿರುಳು ಬೇಯಿಸಿದ ನೀರಿನ ಬಣ್ಣವನ್ನೇ ಮೂವತ್ತೆರಡು ವರ್ಷ ನೋಡಿದ ಕಣ್ಣು; ಕಾರ್ಖಾನೆ ನೀರೇ ಎಂದು ತೀರ್ಮಾನಿಸಿ, ಹಳ್ಳದ ಮೇಲ್ಭಾಗದ ಒಂದು ಸಣ್ಣ ಕಾರ್ಖಾನೆಯ ಕಡೆ ಬೊಟ್ಟು ಮಾಡಿ ಬರೆದರು. ಯಾರೋ ಫೋಟೋ ಹೊಡೆದರು, ಮಧ್ಯಾಹ್ನಕ್ಕೆ ಊರಿನ ಮೊಬೈಲುಗಳಲ್ಲೆಲ್ಲ ಅದೇ. ಅಧಿಕಾರಿಗಳು ಬಂದು ಬಾಗಿಲು ಹಾಕಿಸಿದರು. ಒಂಬತ್ತು ದಿನದ ಮೇಲೆ ಗೊತ್ತಾಯಿತು, ಅದು ಚೊಗರು. ಮೇಲೆ ಯಾರೋ ಅಡಿಕೆ ಬೇಯಿಸಿದ ನೀರನ್ನು ಹಳ್ಳಕ್ಕೆ ಚೆಲ್ಲಿದ್ದರು.

"ಅಡಿಕೆ ಸೀಮೇಲಿ ಹುಟ್ಟಿ ಚೊಗರು ಗುರುತು ಹಿಡೀಲಿಲ್ಲ ನಾನು," ಎನ್ನುತ್ತಾರೆ ಮೂರ್ತಪ್ಪ. "ತಪ್ಪಾಯ್ತು ಅಂತ ಬರೆದೆ. ತಪ್ಪಿನ ಫೋಟೋ ಊರೆಲ್ಲ ಹೋಯ್ತು. ತಿದ್ದಿದ್ದನ್ನ ಒಬ್ರೂ ಫೋಟೋ ತೆಗೀಲಿಲ್ಲ."

ಆ ತಿದ್ದುಪಡಿಯನ್ನು ಅಚ್ಚು ಹಾಕಿದ್ದು ಶಿವಮೊಗ್ಗದ ನಾಲ್ಕು ಪುಟದ ಒಂದು ಪತ್ರಿಕೆ ಮಾತ್ರ. ಅದರ ಏಜೆಂಟ್, ವರದಿಗಾರ ಎರಡೂ ಆದ ಯೋಗೇಶ್ ಈಗ ಬಸ್‌ಸ್ಟಾಪಿನಲ್ಲಿ, ಹಲಗೆಯ ಮುಂದೆ ನಿಂತ ಮೂರ್ತಪ್ಪನವರ ಪಕ್ಕ, ಬೈಕ್ ನಿಲ್ಲಿಸಿ ಪತ್ರಿಕೆಯ ಕಟ್ಟು ಇಳಿಸುತ್ತಿದ್ದಾರೆ. ಪಟ್ಟಿಗೆ ಬೇಕಾದ ಅಚ್ಚು ಹತ್ತದ ಬಿಳಿ ತುಂಡುಗಳನ್ನು ಪ್ರೆಸ್ಸಿನಿಂದ ತಂದುಕೊಡುವವರೂ ಇವರೇ.

"ಇದೇ ಕೊನೇ ಕಟ್ಟು ಮೂರ್ತಪ್ಪಣ್ಣ. ಒಂದನೇ ತಾರೀಖಿಂದ ಅಚ್ಚಿಲ್ಲ. ಬರೀ ಮೊಬೈಲಲ್ಲಿ."

"ಮೊಬೈಲನ್ನ ಹಳ್ಳಕ್ಕೆ ಅದ್ದಕ್ಕಾಗುತ್ತೇನೋ ಮಾರಾಯ?"

ಯೋಗೇಶ್ ನಗುತ್ತಾರೆ. ಪಟ್ಟಿ ನೋಡಿದ ಮೇಲೆ ನಗುವುದಿಲ್ಲ. "ಈಗ ವೈಶಾಖ. ಯಾರೂ ಅಡಿಕೆ ಬೇಯಿಸ್ತಿಲ್ಲ. ಹಂಗಾದ್ರೆ ಏನಿದು?"

"ಅದೇ ಗೊತ್ತಿಲ್ಲ."

ಸೀಮೆಸುಣ್ಣ ಹಿಡಿದ ಕೈ ಹಲಗೆಯ ಹತ್ತಿರ ಹೋಗಿ ನಿಲ್ಲುತ್ತದೆ. ಬರೆಯದಿದ್ದರೆ ಇಪ್ಪತ್ತಾರು ಮನೆಯವರು ಎಂದಿನಂತೆ ಕುಡಿಯುತ್ತಾರೆ. ಬರೆದರೆ ಸಂಜೆಯೊಳಗೆ ಯಾರದೋ ಬಾಗಿಲಿಗೆ ಬೀಗ ಬೀಳಬಹುದು.

ಅಷ್ಟರಲ್ಲಿ ಬಾವಿಯಿಂದ ತುಂಬಿದ ಕೊಡ ಹೊತ್ತು ದಾಕ್ಷಾಯಣಿ ಬರುತ್ತಾರೆ. ಅಂದು ಬಾಗಿಲು ಹಾಕಿದ ಕಾರ್ಖಾನೆಯಲ್ಲೇ ಪ್ಯಾಕಿಂಗ್ ಕೆಲಸ ಅವರದು. ಒಂಬತ್ತು ದಿನ ಮನೆಯಲ್ಲಿ ಕೂತವರಲ್ಲಿ ಒಬ್ಬರು.

"ಏನ್ ಯಜಮಾನ್ರೇ, ಇವತ್ತು ಯಾರ ಹೊಟ್ಟೆ ಮೇಲೆ ಹೊಡೀತೀರಿ?"

ಮೂರ್ತಪ್ಪ ಜೇಬಿಗೆ ಕೈ ಹಾಕುತ್ತಾರೆ. ಪಟ್ಟಿ ತೋರಿಸುತ್ತಾರೆ. ಮೂರು ದಿನದ್ದನ್ನೂ ಒಂದರ ಪಕ್ಕ ಒಂದು.

ದಾಕ್ಷಾಯಣಿ ಕೊಡ ಇಳಿಸಿ ಕಟ್ಟೆಯ ಮೇಲಿಡುತ್ತಾರೆ. "ನಮ್ಮ ಕಾರ್ಖಾನೆ ಮಿಷಿನ್ ಕೆಟ್ಟು ಎಂಟು ದಿನ ಆಯ್ತು. ನೀರೇ ಬಿಟ್ಟಿಲ್ಲ. ಅದನ್ನೂ ಬರೀರಿ."

"ಬರೀತೀನಿ ತಾಯಿ."

"ಈ ನೀರು ಮನೆಗೆ ಒಯ್ಲೋ, ಬೇಡ್ವೋ?"

"ನಂಗೊತ್ತಿಲ್ಲಮ್ಮ. ಸುಳ್ಳು ಹೇಳಲ್ಲ."

ದಾಕ್ಷಾಯಣಿ ಬಗ್ಗಿ ಕೊಡದೊಳಗೆ ನೋಡುತ್ತಾರೆ. ಬಾವಿ ನೀರು ತಿಳಿಯಾಗಿಯೇ ಕಾಣುತ್ತದೆ. ಹಳ್ಳದ ನೀರೂ ಕಣ್ಣಿಗೆ ಹಾಗೇ ಕಂಡಿತ್ತು. "ಮತ್ತೇನು ನೋಡ್ತೀರಿ ಯಜಮಾನ್ರೇ? ಇದಕ್ಕೂ ಒಂದು ಪಟ್ಟಿ ಅದ್ದಿ."

ಇಷ್ಟು ವರ್ಷದಲ್ಲಿ ಬಾವಿ ನೀರಿಗೆ ಪಟ್ಟಿ ಹಿಡಿದವರಲ್ಲ ಮೂರ್ತಪ್ಪ. ಕೇಳಿದರೆ, "ಹೆದರಿಕೆ," ಎನ್ನುತ್ತಾರೆ, ಅಷ್ಟೇ. ಯೋಗೇಶ್ ತಂದ ಕಟ್ಟು ಬಿಚ್ಚಿ ಪತ್ರಿಕೆಯ ಬಿಳಿ ಅಂಚಿನಿಂದ ಒಂದು ಪಟ್ಟಿ ಹರಿದುಕೊಡುತ್ತಾರೆ. ಕೊಡಕ್ಕೆ ಅದ್ದಿ ಮೂರ್ತಪ್ಪ ನೂರು ಎಣಿಸುವಾಗ ಬಸ್ಸು ಬಂದು ಹೋಗುತ್ತದೆ, ಯಾರೂ ಹತ್ತುವುದಿಲ್ಲ.

ಒದ್ದೆ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿ ಅವರು ಬರೆಯುತ್ತಾರೆ. 'ಮೂರು ದಿನದಿಂದ ಹಳ್ಳದ ಪಟ್ಟಿ ಕಂದು. ಕಾರಣ ನನಗೆ ಗೊತ್ತಿಲ್ಲ. ದಾಕ್ಷಾಯಣಮ್ಮನ ಕಾರ್ಖಾನೆ ಎಂಟು ದಿನದಿಂದ ನಿಂತಿದೆ. ಬಾವಿ ಪಟ್ಟಿ ಇನ್ನೂ ಒಣಗಿಲ್ಲ. ನೀರು ಪರೀಕ್ಷೆ ಆಗುವ ತನಕ ಬಾವಿ ನೀರು ಕುಡಿಯಬೇಡಿ.' 'ನನಗನ್ನಿಸಿದ್ದು' ಎಂಬುದರ ಮುಂದೆ ಇವತ್ತು ಏನೂ ಇಲ್ಲ.

ಕೊಡದಿಂದ ಒಂದು ಬಾಟಲಿ ತುಂಬಿಸಿಕೊಂಡು ಯೋಗೇಶ್ ಪರೀಕ್ಷೆ ಮಾಡಿಸಲು ಶಿವಮೊಗ್ಗಕ್ಕೆ ಹೊರಡುತ್ತಾರೆ. ದಾಕ್ಷಾಯಣಿ ಮಾತ್ರ ಅಲ್ಲೇ ಕೊಡದ ಪಕ್ಕ ಕೂರುತ್ತಾರೆ.

"ಅದು ಬೆಳ್ಳಗೆ ಒಣಗಿದ್ರೆ ಏನ್ ಬರೀತೀರಿ?"

"ಬೆಳ್ಳಗೆ ಒಣಗಿತು ಅಂತ," ಎನ್ನುತ್ತಾರೆ ಮೂರ್ತಪ್ಪ, ಪಟ್ಟಿಯ ಮೇಲಿನ ಕಣ್ಣು ತೆಗೆಯದೆ. "ಅದೊಂದೇ. ಹಲಗೆ ತುಂಬ, ದೊಡ್ಡದಾಗಿ."