ಎಡಗಡೆಯ ಮೊದಲನೇ ಬಾಟಲಿ

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಶವಂತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಯಾವ ಡಬ್ಬಿಗೂ ಚೀಟಿ ಅಂಟಿಸುತ್ತಿರಲಿಲ್ಲ. ಯಾವ ಸಾಲಿನ ಎಷ್ಟನೇ ಡಬ್ಬಿಯಲ್ಲಿ ಯಾವ ಬೋಲ್ಟಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ತಪ್ಪು ಸಾಮಾನು ಕೊಟ್ಟ ಎಂದು ಒಬ್ಬರೂ ನನ್ನ ಮೇಲೆ ದೂರು ಹೇಳಿರಲಿಲ್ಲ. ಆ ಜಂಬವೇ ನನ್ನನ್ನು ಮನೆಯ ಅಡುಗೆಮನೆಯಲ್ಲಿ ಹಾಳುಮಾಡಿತು.

ಸಂಜಯನಗರದ ನಮ್ಮ ಬೀದಿಯಲ್ಲಿ ಹೆಂಗಸರ ಒಂದು ಭಜನಾ ಮಂಡಳಿ ಇದೆ. ಪ್ರತಿ ಶುಕ್ರವಾರ ಸಂಜೆ ಎರಡು ಬೀದಿ ಆಚೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಪ್ರಸಾದ ಮಾತ್ರ ಸರದಿಯ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯಿಂದ ಹೋಗಬೇಕು. ನನ್ನ ಹೆಂಡತಿಯ ಸರದಿ ಬರುವ ವೇಳೆಗೆ ಅವಳಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ಒಲೆಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು.

"ನಾನೇ ಮಾಡ್ತೀನಿ ಬಿಡೇ," ಎಂದೆ.

"ಏನು, ಉಪ್ಪಿಟ್ಟಾ?" ಎಂದು ನಕ್ಕಳು. ನನಗೆ ಬರುತ್ತಿದ್ದುದು ಅದೊಂದೇ.

ಫೋನಿನಲ್ಲಿ ನಾನೊಂದು ವಿಡಿಯೋ ನೋಡಿದ್ದೆ. ತಟ್ಟೆಗೆ ತುಪ್ಪ ಸವರಿ ಉಪ್ಪು ಬಿಸ್ಕತ್ತುಗಳನ್ನು ಒತ್ತೊತ್ತಾಗಿ ಜೋಡಿಸುವುದು, ಬೆಣ್ಣೆ ಸಕ್ಕರೆ ಕುದಿಸಿ ಜೇನಿನ ಬಣ್ಣಕ್ಕೆ ಬಂದಾಗ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಬಿಸ್ಕತ್ತಿನ ಮೇಲೆ ಸುರಿಯುವುದು, ಹುರಿದ ಕಡಲೆಕಾಯಿ ಬೀಜ, ಗೋಡಂಬಿ ಉದುರಿಸಿ ಒತ್ತುವುದು. ಆರಿದ ಮೇಲೆ ಮುರಿದರೆ ಟಾಫಿ. ಚಿಕ್ಕಿಯ ಹಾಗೆಯೇ, ಆದರೆ ಪಾಕದ ಹದ ನೋಡುವ ಕಷ್ಟವಿಲ್ಲ.

"ಬಿಸ್ಕತ್ತನ್ನ ದೇವರ ಮುಂದೆ ಇಡ್ತಾರೇನ್ರೀ?"

"ಬೆಣ್ಣೆ ಇದೆ, ಸಕ್ಕರೆ ಇದೆ, ಗೋಡಂಬಿ ಇದೆ. ದೇವರು ಬಿಸ್ಕತ್ತು ಬಿಟ್ಟು ಮಿಕ್ಕಿದ್ದು ತಗೋತಾನೆ."

ಅವಳು ಒಪ್ಪಿದಳು. ಕೈಕಾಲು ತೊಳೆದು ಬನ್ನಿ, ನೈವೇದ್ಯಕ್ಕೆ ಮುಂಚೆ ರುಚಿ ನೋಡಬೇಡಿ ಎಂದು ಎರಡು ಸಲ ಹೇಳಿದಳು. ನಾನು ನೋಡಲಿಲ್ಲ. ಬೆರಳಿಗೆ ಅಂಟಿದ್ದನ್ನೂ ನಲ್ಲಿ ಕೆಳಗೆ ತೊಳೆದೆ.

ಪಾಕ ಕುದಿಯುತ್ತಿದ್ದಾಗ ಸೋಡಾ ಎಲ್ಲಿದೆ ಎಂದು ಕೂಗಿ ಕೇಳಿದೆ. ಅವಳು ನಡುಮನೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದಳು. "ಮೇಲಿನ ಸಾಲು, ಎಡಗಡೆ ಮೊದಲನೇ ಬಾಟ್ಲು," ಎಂದಳು. ಕಾಫಿಪುಡಿಯ ಹಳೇ ಗಾಜಿನ ಬಾಟಲಿ, ಒಳಗೆ ಬಿಳಿ ಪುಡಿ. ಅರ್ಧ ಚಮಚ ಹಾಕಿದೆ.

ನಾಲ್ಕೂವರೆಗೆ ಅವಳು ಕಪ್ಪು ಕನ್ನಡಕ ಹಾಕಿಕೊಂಡು ತಟ್ಟೆಯ ಮೇಲೆ ಬಿಳಿ ಬಟ್ಟೆ ಮುಚ್ಚಿ ಹೊರಟಳು. ಆ ಮನೆಯವರೆಗೂ ಜೊತೆಗೆ ಹೋಗಿ ಬಿಟ್ಟುಬಂದೆ. ಪಾತ್ರೆ ತೊಳೆದಿಟ್ಟು ತುಪ್ಪದ ಡಬ್ಬಿಯನ್ನು ಮೇಲಿನ ಸಾಲಿಗೆ ಸರಿಸಿದಾಗ ಹಿಂದೆ ಏನೋ ಗಾಜಿನದು ತಗುಲಿ ಸದ್ದಾಯಿತು. ಕೈ ಹಾಕಿ ತೆಗೆದೆ. ಅದೇ ತರಹದ ಇನ್ನೊಂದು ಬಾಟಲಿ. ಒಳಗೆ ಬಿಳಿ ಪುಡಿ.

ಆಗ ನೆನಪಾಯಿತು. ಮೂರು ತಿಂಗಳ ಹಿಂದೆ ಜಿರಳೆ ಕಾಟಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಬಿಡಿಯಾಗಿ ಒಂದು ಪುಡಿ ತಂದು ಖಾಲಿ ಬಾಟಲಿಗೆ ಹಾಕಿದ್ದೆ. ಸಿಂಕಿನ ಕೆಳಗೆ ಮೂಲೆಗಿಡಿ ಎಂದು ಅವಳು ಹೇಳಿದ್ದಳು. ಹ್ಞೂಂ ಎಂದಿದ್ದೆ. ಬಗ್ಗಿದರೆ ಮೊಣಕಾಲು ನೋಯುತ್ತದೆಂದು, ಸೋಡಾ ಬಾಟಲಿಯನ್ನು ಹಿಂದಕ್ಕೆ ತಳ್ಳಿ ಇದನ್ನು ಮುಂದೆ ಇಟ್ಟಿದ್ದೆ. ಇವತ್ತೊಂದಿನ ಇರಲಿ ಎಂದುಕೊಂಡವನು ಮರೆತೇಬಿಟ್ಟಿದ್ದೆ.

ಎರಡು ತಟ್ಟೆಗಳಲ್ಲಿ ಎರಡೂ ಪುಡಿಗಳನ್ನು ಚಿಟಿಕೆ ಚಿಟಿಕೆ ಹಾಕಿ ನಿಂಬೆಹಣ್ಣು ಹಿಂಡಿದೆ. ಹಿಂದಿದ್ದ ಬಾಟಲಿಯ ಪುಡಿ ಬುಸ್ಸೆಂದು ನೊರೆಯೆದ್ದಿತು. ಮುಂದಿದ್ದ ಬಾಟಲಿಯದು ಒದ್ದೆಯಾಗಿ ಸುಮ್ಮನೆ ಬಿದ್ದಿತ್ತು. ನಾನು ಇನ್ನಷ್ಟು ಹಿಂಡಿದೆ. ಏಳಲಿಲ್ಲ. ಬೇಡಿಕೊಳ್ಳುವವನ ಹಾಗೆ ಇಡೀ ಹೋಳು ಹಿಂಡಿದೆ.

ಗಡಿಯಾರದಲ್ಲಿ ಐದೂ ಮುಕ್ಕಾಲು. ಆರಕ್ಕೆ ಮಂಗಳಾರತಿ, ಆಮೇಲೆ ಪ್ರಸಾದ. ಪ್ರಸಾದವನ್ನು ಯಾರೂ ಬೇಡ ಅನ್ನುವುದಿಲ್ಲ. ಫೋನ್ ಮಾಡಿದರೆ ಭಜನೆಯಲ್ಲಿ ಯಾರೂ ಎತ್ತುವುದೂ ಇಲ್ಲ. ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಓಡಿದೆ ಎನ್ನುವುದು ಸುಳ್ಳು, ಈ ಕಾಲಿನಲ್ಲಿ ಎಷ್ಟು ಆಗುತ್ತದೋ ಅಷ್ಟು. ದಾರಿಯಲ್ಲಿ ಒಂದು ಕೆಟ್ಟ ಯೋಚನೆ ಬಂತು. ನಿಜ ಹೇಳುವುದೇಕೆ, ಎಡವಿದ ಹಾಗೆ ಮಾಡಿ ತಟ್ಟೆ ಕೆಡವಿಬಿಡೋಣವೇ? ಗೇಟಿನ ಹತ್ತಿರ ಹೋದಾಗ ತಾಳ ನಿಂತು ಗಂಟೆ ಬಾರಿಸುತ್ತಿದ್ದರು. ಗೇಟು ಹಿಡಿದುಕೊಂಡು ಒಂದು ನಿಮಿಷ ನಿಂತೆ. ಆ ಒಂದು ನಿಮಿಷ ಯಾಕೆ ನಿಂತೆ ಎಂದು ನನಗೆ ಗೊತ್ತು. ಒಳಗಿದ್ದವರಿಗೆ ಏನಾಗುತ್ತದೋ ಎನ್ನುವುದಕ್ಕಿಂತ ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೋ ಎನ್ನುವ ಹೆದರಿಕೆ ದೊಡ್ಡದಾಗಿತ್ತು.

ಒಳಗೆ ಹೋಗಿ, "ಯಾರೂ ತಿನ್ಬೇಡಿ!" ಎಂದು ಕೂಗಿದೆ. ಆರತಿ ಹಿಡಿದಿದ್ದ ಮನೆಯ ಒಡತಿ ಹಾಗೇ ತಿರುಗಿದರು.

"ಏನಾಯ್ತು ಅಂಕಲ್?"

"ಟಾಫಿಗೆ ಜಿರಳೆ ಪುಡಿ ಬಿದ್ದಿದೆ."

ಯಾರೂ ತಿಂದಿರಲಿಲ್ಲ. ಹಾಗೆಂದುಕೊಂಡು ಉಸಿರು ಬಿಡುವಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಒಡತಿಯ ಅತ್ತೆ, ಎಂಬತ್ತು ದಾಟಿದ ಹೆಬ್ಬಾಳದ ಹಳೇ ಊರಿನ ಅಜ್ಜಿ, ತಲೆ ತಗ್ಗಿಸಿ, "ನಾನೊಂದು ಚೂರು ತಿಂದೆ ಕಣಪ್ಪ," ಎಂದರು. ಸಕ್ಕರೆ ಕಾಯಿಲೆಯವರು. ಸಿಹಿ ಕೊಡುವುದಿಲ್ಲವೆಂದು ಗೊತ್ತಿದ್ದು, ಎಲ್ಲರೂ ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಬಟ್ಟೆಯೊಳಗೆ ಕೈ ಹಾಕಿದ್ದರು.

ಒಡತಿ ಆರತಿ ಕೆಳಗಿಟ್ಟು ನನ್ನ ಕಡೆ ಬಂದರು. "ಜಿರಳೆ ಪುಡಿ ಅಡುಗೆ ಸಾಮಾನಿನ ಜೊತೆ ಇಟ್ಟಿದ್ದು ಯಾರು?"

ಆಗ ನನ್ನ ಬಾಯಿಂದ ಹೊರಬಂದದ್ದನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. "ನಾನು ಸಿಂಕ್ ಕೆಳಗೇ ಇಟ್ಟಿದ್ದೆ. ಇವಳಿಗೆ ಕಣ್ಣು ಸರಿ ಕಾಣ್ತಿರಲಿಲ್ಲವಲ್ಲ, ಯಾವಾಗಲೋ ಮೇಲೆ ತಂದಿಟ್ಟಿದಾಳೆ."

ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ನನ್ನೊಡನೆ ಜಗಳವಾಡಬಹುದಿತ್ತು. ಆಡಲಿಲ್ಲ. ಕಪ್ಪು ಕನ್ನಡಕದ ಹಿಂದೆ ಏನೋ ನೆನಪು ಮಾಡಿಕೊಳ್ಳುವ ಹಾಗೆ ನಿಂತು, "ಇರಬಹುದೇನೋ," ಎಂದಳು.

ಅಜ್ಜಿಯನ್ನು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಒಂದು ಚೂರಿನಲ್ಲಿ ಅಷ್ಟೇನೂ ಇರುವುದಿಲ್ಲ, ಆದರೂ ಸ್ವಲ್ಪ ಹೊತ್ತು ನೋಡೋಣ ಎಂದರು ಡಾಕ್ಟರು. ಅಷ್ಟು ಹೊತ್ತೂ ನಾನು ಮಂಚದ ಕಾಲ ಬಳಿ ನಿಂತು ಅಜ್ಜಿಯ ಸೆರಗು ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಎಲ್ಲಿ ಇಳಿದದ್ದು ಏಳುವುದಿಲ್ಲವೋ ಎಂದು ಒಂದೊಂದು ಉಸಿರನ್ನೂ ಎಣಿಸುತ್ತಿದ್ದೆ. ಅಜ್ಜಿ ಮಾತ್ರ, "ಒಟ್ಟೆಗೇನೂ ಆಗಿಲ್ಲ ಕಣಪ್ಪ. ಬಲೇ ಸಂದಾಗಿತ್ತು," ಎನ್ನುತ್ತಿದ್ದರು. ಮನೆಗೆ ಕಳಿಸಿದರು. ಏನೂ ಆಗಲಿಲ್ಲ.

ಆಗಿದ್ದು ನಮ್ಮ ಮನೆಯಲ್ಲಿ.

ನನ್ನ ಹೆಂಡತಿ ಒಲೆ ಮುಟ್ಟುವುದನ್ನು ಬಿಟ್ಟಳು. ಕಣ್ಣು ವಾಸಿಯಾಗಿ ಪೇಪರಿನ ಸಣ್ಣಕ್ಷರ ಓದುವ ಹಾಗಾದ ಮೇಲೂ ಬಿಟ್ಟಳು. "ನನ್ನ ಕೈಯಿಂದ ಒಂದು ಜೀವ ಹೋಗ್ತಿತ್ತು," ಎನ್ನುವಳು. ಭಜನೆಗೂ ಹೋಗಲಿಲ್ಲ. ಕರೆಯಲು ಯಾರೂ ಬರಲೂ ಇಲ್ಲ. ಕುಡಿಯುವ ನೀರನ್ನು ಕೂಡ ಮೂಸಿ ನೋಡಿ, "ಇದು ನೀರೇ ತಾನೇ?" ಎಂದು ನನ್ನನ್ನು ಕೇಳುವಳು. ನನ್ನನ್ನು!

ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಮೊದಲ ದಿನ ಹೇಳಿದ್ದರೆ ಒಂದು ಸುಳ್ಳಿನ ಲೆಕ್ಕ. ಹತ್ತನೇ ದಿನಕ್ಕೆ ಅವಳ ಹತ್ತು ದಿನದ ಅಂಜಿಕೆಯೂ ನನ್ನ ತಲೆಗೆ ಬರುತ್ತಿತ್ತು. ಹೀಗೆ ನಾಲ್ಕು ತಿಂಗಳು. ಅಡುಗೆ ನಾನೇ ಮಾಡುತ್ತಿದ್ದೆ. ಎಷ್ಟು ಒಳ್ಳೆಯ ಗಂಡ ಎಂದು ಪಕ್ಕದ ಮನೆಯವರು ಹೊಗಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ ಹಾಗಾಗುತ್ತಿತ್ತು.

ಒಂದು ಮಧ್ಯಾಹ್ನ ಎದ್ದು ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಅವಳು ಸ್ಟೂಲಿನ ಮೇಲೆ ಕೂತು ಬಾಟಲಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದನ್ನೇ ಮುಟ್ಟಿ, "ಉಪ್ಪು... ರವೆ... ಸಕ್ಕರೆ..." ಎಂದು ಪಾಠ ಒಪ್ಪಿಸುತ್ತಿದ್ದಳು. ನನ್ನನ್ನು ಕಂಡು ನಾಚಿದಳು. "ಮರೆವು ಎಷ್ಟಿದೆ ಅಂತ ನೋಡ್ತಿದ್ದೆ ಕಣ್ರೀ. ಆ ಬಾಟ್ಲು ಮೇಲೆ ತಂದಿಟ್ಟಿದ್ದು ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ತಲೆ ಡಾಕ್ಟರಿಗೆ ತೋರಿಸೋಣ್ವಾ?"

ನಾನು ನೆಲದ ಮೇಲೆ ಕೂತುಬಿಟ್ಟೆ. "ನಿನಗೆ ನೆನಪಾಗಲ್ಲ ಕಣೇ. ಅದನ್ನ ಇಟ್ಟಿದ್ದು ನಾನು."

ಬೈಯಲಿ, ಅಳಲಿ ಎಂದು ಕಾದೆ. ಅವಳು ಬಾಟಲಿಗಳನ್ನು ಒಂದೊಂದಾಗಿ ಮೇಲಿಟ್ಟಳು. ಆಮೇಲೆ, "ಅಲ್ಲಿ ಎಲ್ಲರ ಮುಂದೆ ಹೇಳಿದ್ರಲ್ಲ. ಇದನ್ನೂ ಅಲ್ಲೇ ಹೇಳಿ," ಎಂದಳು.

ಶುಕ್ರವಾರಕ್ಕೆ ಮತ್ತೆ ಅದೇ ಟಾಫಿ ಮಾಡಿಸಿದಳು. ಸೋಡಾ ಅವಳೇ ಹಾಕಿದಳು, ನಿಂಬೆರಸದಲ್ಲಿ ನೊರೆ ಬರಿಸಿ ನೋಡಿ. ಅದೇ ಗೇಟಿನ ಮುಂದೆ ನನ್ನ ಕಾಲು ಮತ್ತೆ ನಿಂತಿತು. ಅವಳು ಹಿಂದೆ ನಿಂತಿದ್ದಳು, ತಳ್ಳಲಿಲ್ಲ, ಕರೆಯಲೂ ಇಲ್ಲ. ಒಳಗೆ ಹೋಗಿ ಹೇಳಿದೆ. ಎರಡೇ ವಾಕ್ಯ.

ಮನೆಯ ಒಡತಿ, "ಛೇ, ಈ ವಯಸ್ಸಲ್ಲಿ ಇಂಥ ಬುದ್ಧೀನಾ ಅಂಕಲ್?" ಎಂದರು. ಹೌದಮ್ಮ ಎಂದೆ. ಒಬ್ಬಾಕೆ ಸರಿದು ನನ್ನ ಹೆಂಡತಿಗೆ ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಮೂಲೆಯಿಂದ ಅಜ್ಜಿ ಆಗಲೇ ಕೈ ಚಾಚಿದ್ದರು.

"ತಡೀರಿ ಅಜ್ಜಿ," ಎಂದಳು ನನ್ನ ಹೆಂಡತಿ. "ಮೊದಲು ಇವರು ತಿನ್ನಲಿ."

"ನೈವೇದ್ಯ ಆಗಿಲ್ಲವಲ್ಲೇ," ಎಂದೆ.

"ದೇವರು ಕಾಯ್ತಾನೆ."

ಎಲ್ಲರ ಕಣ್ಣೆದುರು ಒಂದು ಚೂರು ಬಾಯಿಗಿಟ್ಟುಕೊಂಡೆ. ಸೋಡಾ ಹಾಕಿದ್ದನ್ನು ಕಣ್ಣಾರೆ ನೋಡಿದ್ದರೂ ನುಂಗುವಾಗ ಎದೆ ಹೊಡೆದುಕೊಂಡಿತು. ನಾಲ್ಕು ತಿಂಗಳು ಅವಳು ಪ್ರತಿ ತುತ್ತನ್ನೂ ಹೀಗೇ ನುಂಗಿದ್ದಳು.

ಈಗ ಅವಳೇ ಅಡುಗೆ ಮಾಡುತ್ತಾಳೆ. ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿದ್ದೇನೆ. ಆದರೂ ನಾನು ಅಡುಗೆಮನೆಯಲ್ಲಿ ಯಾವ ಬಾಟಲಿ ಮುಟ್ಟಿದರೂ ಅವಳು ಕೆಲಸ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಾಳೆ. ನೋಡಲಿ.