ಗೊಂಬೆ ಅತ್ತೆಯ ಕಣ್ಣು

ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುವ ಆ ಕೇಂದ್ರದ ಕಾಗದಪತ್ರಗಳಲ್ಲಿ ಅವಳು ಸಹಾಯಕಿ. ಮಕ್ಕಳ ಪಾಲಿಗೆ ಗೊಂಬೆ ಅತ್ತೆ. ಬಾಗಿಲಲ್ಲೇ ಅಮ್ಮನ ಕಾಲು ತಬ್ಬಿ ರಂಪ ಮಾಡುವ ಎರಡು ವರ್ಷದ ಪುಟಾಣಿಯೂ, ಅವಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಚೆಂಡು ಉರುಳಿಸಿದರೆ ಸಾಕು, ಮೂಗೊರೆಸಿಕೊಂಡು ಬಂದು ಮಡಿಲೇರುತ್ತಿತ್ತು.

ಅಲ್ಲೊಂದು ಆಟವಿತ್ತು. ಎರಡು ಡಬ್ಬಿಗಳಲ್ಲಿ ಒಂದರೊಳಗೆ, ಅಲ್ಲಿನ ಅಧ್ಯಯನ ನಡೆಸುವ ಮೇಡಂ, ಮಗುವಿನ ಕಣ್ಣೆದುರೇ, ಗೊಂಬೆ ಬಚ್ಚಿಡುತ್ತಿದ್ದರು. ಗೊಂಬೆ ಅತ್ತೆಯೂ ಅಲ್ಲೇ ನಿಂತಿರುತ್ತಿದ್ದಳು. ಆಮೇಲೆ ಏನೂ ಅರಿಯದವಳಂತೆ, "ಅಯ್ಯೋ, ನನ್ನ ಗೊಂಬೆ ಎಲ್ಲೋಯ್ತು?" ಎಂದು ಹುಡುಕುವುದು ಅವಳ ಕೆಲಸ. ತೋರಿಸು ಎಂದು ಯಾರೂ ಹೇಳದೆಯೇ ಬಹುಪಾಲು ಮಕ್ಕಳು ಸರಿಯಾದ ಡಬ್ಬಿಯತ್ತ ಬೆರಳು ತೋರಿದರು. ಅಷ್ಟು ಚಿಕ್ಕವರಿಗೂ ನೆರವಾಗುವ ಮನಸ್ಸಿದೆ ಎಂದು ಮೇಡಂ ಬರೆದ ಲೇಖನ ಹೆಸರು ಮಾಡಿತು.

ಹೀಗಿರುವಾಗ ದೂರದ ಇನ್ನೊಂದು ಕೇಂದ್ರದವರು ಅದೇ ಆಟ ಆಡಿಸಿ ನೋಡಿದರು. ಅಲ್ಲಿನ ಮಕ್ಕಳು ಬೆರಳೆತ್ತುವುದಿರಲಿ, ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತುಬಿಟ್ಟವು. ಸಹಾಯಕಿಯೇ ಕಣ್ಸನ್ನೆ ಮಾಡಿರಬೇಕು ಎಂಬ ಗುಸುಗುಸು ಬಾಯಿಂದ ಬಾಯಿಗೆ ಹಬ್ಬಿ ಅವಳ ಕಿವಿಗೂ ಬಿತ್ತು.

ಬೇಕೆಂದೇ ಸನ್ನೆ ಮಾಡಿದವಳಲ್ಲ. ಆದರೆ ಅವಳಿಗರಿವಿಲ್ಲದೆ ಕಣ್ಣು ಹೋಗಿದ್ದರೆ? ಮನೆಗೆ ಹೋದರೂ ಅದೇ ಯೋಚನೆ.

ಗಂಡ ಸಮಾಧಾನ ಹೇಳಲು ಬಂದ. "ನಿಂಗೆಲ್ಲಿ ಮೋಸ ಮಾಡೋಕೆ ಬರುತ್ತೆ? ನಂಗೆ ಅಂಗಿ ತಂದು ಬಚ್ಚಿಟ್ಟಾಗ ಬೀರು ಕಡೆನೇ ಹತ್ತು ಸಲ ನೋಡ್ತಿದ್ದೆ!"

"ಅಯ್ಯೋ ಪುಣ್ಯಾತ್ಮ, ನನ್ನ ಭಯಾನೂ ಅದೇ ಕಣ್ರಿ!" ಎಂದು ಅವಳು ತಲೆ ಮೇಲೆ ಕೈಹೊತ್ತು ಕೂತಳು.

ಕೆಲವು ದಿನಗಳ ಬಳಿಕ ಮೇಡಂ ಅವಳನ್ನು ಕರೆದರು. "ಆಟ ಆಡಿಸೋವಾಗ ತೆಗೆದ ವಿಡಿಯೋಗಳಲ್ಲಿ ಅಪ್ಪ ಅಮ್ಮಂದಿರು ಒಪ್ಪಿದವನ್ನೆಲ್ಲ ಆ ಕೇಂದ್ರದವರಿಗೆ ಕೊಡೋಣ ಅಂತಿದೀನಿ. ನಿಮ್ಮ ಮುಖಾನೂ ಕಾಣುತ್ತೆ. ನೀವು ಬೇಡ ಅಂದ್ರೆ ಬೇಡ."

"ಒಳಗೊಳಗೇ ಬೇಯೋದಕ್ಕಿಂತ ತೋರಿಸಿಬಿಡಿ ಮೇಡಂ. ನಂಗೂ ಗೊತ್ತಾಗ್ಲಿ."

ಗೊಂಬೆ ಯಾವ ಡಬ್ಬಿಯಲ್ಲಿದೆಯೆಂದು ತಿಳಿಯದವರೇ ಕೂತು ಅವಳ ಕಣ್ಣಿನ ಚಲನೆ ಗುರುತು ಹಾಕಿದರು. ಕೊನೆಗೊಂದು ಮಧ್ಯಾಹ್ನ ಆ ಕೇಂದ್ರದ ಸಂಶೋಧಕ ಪರದೆಯ ಮೇಲೆ ಕಾಣಿಸಿಕೊಂಡ.

"ಕೆಲವು ಕಡೆ ನಿಮ್ಮ ಕಣ್ಣು ಸರಿಯಾದ ಡಬ್ಬಿಗೇ ಹೋಗಿದೆ ಅಕ್ಕ."

ಅವಳು ಪಕ್ಕದಲ್ಲಿದ್ದ ಮೇಡಂ ಕಡೆ ತಿರುಗಿದಳು.

"ಆದ್ರೆ ಅವನ್ನೆಲ್ಲ ಬಿಟ್ಟು ನೋಡಿದ್ರೂ ಮಕ್ಕಳು ತೋರಿಸಿದಾರೆ. ನಾವು ಎಡವಿದ್ದು ಬೇರೆ ಕಡೆ. ಮೊದ್ಲು ನೀವು ಅಷ್ಟು ಹೊತ್ತು ಚೆಂಡಾಟ ಆಡ್ತೀರ ಅಂತ ಲೇಖನದಲ್ಲಿ ಇರ್ಲೇ ಇಲ್ಲ. ಮಕ್ಕಳು ಬಂದ ತಕ್ಷಣ ನಾವು ಡಬ್ಬಿ ಮುಂದಿಟ್ವಿ. ಗುರುತಿಲ್ಲದವರಿಗೆ ಮಕ್ಕಳು ಯಾಕೆ ಬೆರಳು ತೋರಿಸ್ತಾವೆ?"

"ಅದು ಬರೀದೇ ಬಿಟ್ಟಿದ್ದು ನಾನು," ಎಂದರು ಮೇಡಂ.

ಎರಡೂ ಕೇಂದ್ರದವರು ಸೇರಿ ಆಟ ಹೇಗೆ ಆಡಿಸಬೇಕು, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನೆಲ್ಲ ಮೊದಲೇ ಬರೆದು, ಯಾರು ಬೇಕಾದರೂ ಓದುವಂತೆ ಪ್ರಕಟಿಸಿ, ಮತ್ತೆ ಶುರು ಮಾಡಿದರು. ಈ ಸಲ ಗೊಂಬೆ ಬಚ್ಚಿಡುವಾಗ ಅತ್ತೆ ಬಾಗಿಲಾಚೆ. ಒಳಗೆ ಬಂದಾಗ ಅವಳಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಕಣ್ಣಿಗೆ ಕಾವಲು ಕೂರುವ ಕಷ್ಟವೇ ತಪ್ಪಿತು. ಮೊದಲ ದಿನವೇ ಅವಳು ಖಾಲಿ ಡಬ್ಬಿ ತೆರೆದು ಬೆಪ್ಪಾದಳು. ಎದುರಿಗಿದ್ದ ಪುಟ್ಟಿ, ಇವಳಿಗಿಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ ನಿಟ್ಟುಸಿರಿಟ್ಟು, ಕೈ ಹಿಡಿದೆಳೆದು ಇನ್ನೊಂದು ಡಬ್ಬಿಯ ಮುಂದೆ ನಿಲ್ಲಿಸಿದಳು.

ಫಲಿತಾಂಶ ಬಂತು. ಬೆರಳು ತೋರಿದ ಮಕ್ಕಳು ಮೊದಲಿಗಿಂತ ಕಡಿಮೆ. ಆದರೆ ಎರಡೂ ಕೇಂದ್ರಗಳಲ್ಲಿ ತೋರಿದ್ದರು.

"ಕಡಿಮೆಯಾಯ್ತಲ್ಲ ಮೇಡಂ?"

"ಆದ್ರೇನಂತೆ? ಇನ್ನು ಯಾರು ಬೇಕಾದ್ರೂ ಮಾಡಿ ನೋಡ್ಲಿ. ನಂಗೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತೆ."

ಗೊಂಬೆ ಅತ್ತೆ ಆಟದ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತು, ಗೋಡೆಗೊರಗಿ ನಕ್ಕಳು. ನಗು ನಿಲ್ಲಲೊಲ್ಲದು. ಮೇಡಂ ಕೂಡ ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲೇ ಕೂತರು.