ಅತ್ತಿಗೆಯ ತೊಟ್ಟಿಯ ಹಸಿರು

ಕಳೆದ ತಿಂಗಳು ನನ್ನ ಕೈಯಿಂದ ಎರಡು ಕೊಲೆಯಾಯಿತು.

ಗಾಬರಿಯಾಗಬೇಡಿ, ಸತ್ತದ್ದು ಮೀನು. ಆದರೆ ಯಾರ ಮೀನು ಅಂತ ಕೇಳಿದರೆ ನೀವೂ ನನ್ನನ್ನು ಸುಲಭಕ್ಕೆ ಕ್ಷಮಿಸಲಾರಿರಿ.

ನನ್ನ ಅತ್ತಿಗೆಯದು. ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಲ್ಲಿಂದಾಚೆಗೆ ತಲೆ ಬಾಚಿ, ಡಬ್ಬಿ ಕಟ್ಟಿ, ಬೈದು ಬೆಳೆಸಿದವರು ಅಣ್ಣನ ಈ ಹೆಂಡತಿಯೇ. ಅಣ್ಣ ಈಗಿಲ್ಲ. ಶ್ರೀರಾಂಪುರದಲ್ಲಿ ಅತ್ತಿಗೆ ಕೆಳಗಿನ ಮನೆಯಲ್ಲಿದ್ದಾರೆ, ನಾವು ಮೇಲಿನ ಮನೆಯಲ್ಲಿ. ಗೇಟಿನ ಪಕ್ಕ ಅವರದೊಂದು ಕಲ್ಲಿನ ತೊಟ್ಟಿ. ಅದರಲ್ಲಿ ಕಿತ್ತಳೆ ಬಣ್ಣದ ಐದು ಮೀನು. ನೀರಿನ ಮೇಲೆ ಹೆಸರುಬೇಳೆಯಷ್ಟು ಪುಟ್ಟ ಎಲೆಗಳ ಹಾಸು. ಅತ್ತಿಗೆ ಅದನ್ನು ಬರೀ ‘ಹಸಿರು’ ಅನ್ನುತ್ತಾರೆ. ದಿನಾ ಬೆಳಿಗ್ಗೆ ಹಳೇ ಟೀ ಸೋಸುವ ಜರಡಿಯಲ್ಲಿ ಅರ್ಧದಷ್ಟು ಎತ್ತಿ ಕರಿಬೇವಿನ ಬುಡಕ್ಕೆ ಹಾಕುತ್ತಾರೆ. ಇನ್ನರ್ಧ ಹಾಗೇ ಬಿಡುತ್ತಾರೆ.

ಅರ್ಧ ಯಾಕೆ? ಮೈಗಳ್ಳತನ ಅಂದುಕೊಂಡಿದ್ದೆ. (ಜೀವಮಾನವಿಡೀ ದುಡಿದ ಹೆಂಗಸಿನ ಬಗ್ಗೆ ಹೀಗೆ ಯೋಚಿಸಿದ ನನ್ನ ಬುದ್ಧಿಗಿಷ್ಟು!)

ಅತ್ತಿಗೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ಕಣ್ಣಿಗೆ ನೀರು ಸೋಕಬಾರದು ಅಂದರು ಡಾಕ್ಟರು. ಅತ್ತಿಗೆ ಹತ್ತು ದಿನಕ್ಕೆ ರಾಜೀವನಗರದ ತಮ್ಮ ತಂಗಿಯ ಮನೆಗೆ ಹೊರಟರು. ಹೋಗುವಾಗ ಹೇಳಿದ್ದು ಇಷ್ಟೇ: “ಮೀನಿಗೆ ಒಂದು ಚಿಟಿಕೆ ಊಟ ಹಾಕು. ಇನ್ನೇನೂ ಮಾಡಕ್ಕೋಗ್ಬೇಡ ಕಣೋ.”

ಮಾಡದೆ ಇರಲು ನನ್ನಿಂದಾಗುತ್ತದೆಯೇ? ನಾವು ಮೈಸೂರಿನವರು. ಕ್ಲೀನ್ ಸಿಟಿ ಎಂದು ಯಾರೋ ಹೊಗಳಿದ್ದೇ ತಡ, ಉದುರಿದ ಎಲೆ ಕಂಡರೂ ಪೊರಕೆ ಹಿಡಿಯುತ್ತೇವೆ. ಅತ್ತಿಗೆ ಹೊಸ ಕಣ್ಣಲ್ಲಿ ತೊಟ್ಟಿಯ ತಳದವರೆಗೂ ನೋಡಲಿ, ಸರ್‌ಪ್ರೈಸ್ ಕೊಡೋಣ ಅನ್ನಿಸಿತು. ಹಸಿರನ್ನು ಒಂದೆಲೆಯೂ ಬಿಡದೆ ಬಳಿದು ತೆಗೆದೆ. ಹಳೇ ನೀರು ಚೆಲ್ಲಿ, ಕ್ಲೋರಿನ್ ಹೋಗಲೆಂದು ಬಕೆಟ್‌ನಲ್ಲಿ ಎರಡು ದಿನ ಇಟ್ಟ ನೀರನ್ನೇ ತುಂಬಿದೆ. ನೀರು ಫಳಫಳ. ಮೊಬೈಲ್‌ನಲ್ಲಿ ಫೋಟೊ ಬೇರೆ ತೆಗೆದೆ.

ನಾಲ್ಕನೇ ದಿನ ನೀರು ಮಂಕಾಯಿತು. ಆರನೇ ದಿನಕ್ಕೆ ಪಾಲಕ್ ಸೂಪಿನ ಬಣ್ಣ. ಏಳನೇ ದಿನ ಬೆಳಿಗ್ಗೆ ಮೂರು ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಇನ್ನೆರಡು ಬಾಯಿ ಬಿಡುತ್ತಲೂ ಇರಲಿಲ್ಲ.

ದೇವರಾಜ ಮೊಹಲ್ಲಾದ ಸಾಕುವ ಮೀನಿನ ಅಂಗಡಿಗೆ ಓಡಿದೆ. ಅಂಗಡಿಯವರು ಫೋಟೊ ನೋಡಿ, ನಾನು ಬಳಿದ ಪುಟ್ಟ ಎಲೆಗಳ ಕಥೆ ಕೇಳಿ ತಲೆ ಚಚ್ಚಿಕೊಂಡರು.

“ಡಕ್‌ವೀಡ್ ಪೂರ್ತಿ ತೆಗೆದ್ಬುಟ್ರಾ? ಅದು ಕಸ ಅಲ್ಲ ಸಾರ್. ಮೀನಿನ ಗಲೀಜೇ ಅದಕ್ಕೆ ಗೊಬ್ಬರ. ಮೇಲೆ ಅದಿದ್ರೆ ಕೆಳಗೆ ನೆರಳು, ನೀರು ತಂಪು. ಅದಿಲ್ದೆ ಹೋದ್ರೆ ಆ ಗೊಬ್ಬರ, ಬಿಸಿಲು ಎರಡೂ ಪಾಚಿಗೆ ಸಿಗ್ತವೆ. ನೀರು ಕೆಡ್ತದೆ.”

“ಹಾಗಾದರೆ ಅದನ್ನ ತೆಗೆಯಲೇಬಾರದಾ?”

“ಅದೂ ತಪ್ಪೇ. ಪೂರ್ತಿ ಮುಚ್ಕೊಂಡ್ರೆ ನೀರಿಗೆ ಗಾಳಿ ಹೋಗಲ್ಲ, ಮೀನಿಗೆ ಉಸಿರು ಕಟ್ತದೆ. ಅರ್ಧ ತೆಗೀಬೇಕು, ಅರ್ಧ ಬಿಡಬೇಕು.”

ಅರ್ಧ. ಅತ್ತಿಗೆಯ ಜರಡಿಯ ಲೆಕ್ಕ ಇದೇ ಆಗಿತ್ತು.

ಅಂಗಡಿಯಲ್ಲಿ ಡಕ್‌ವೀಡ್ ಇರಲಿಲ್ಲ. ನಮ್ಮ ಲೇಔಟ್ ಮುಗಿಯುವಲ್ಲಿ ಅದೇ ಹಸಿರು ತುಂಬಿದ, ನೀರು ನಿಂತ ಒಂದು ಸಣ್ಣ ಕುಂಟೆಯಿದೆ. ದಿನಾ ವಾಕಿಂಗ್‌ನಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗ. ಐವತ್ತಾರರ ನಾನು ಅದರ ದಂಡೆಯಲ್ಲಿ ಮಂಡಿಯೂರಿ, ಟೀ ಜರಡಿಯಲ್ಲಿ ಹಸಿರು ಎತ್ತಿದೆ. ವಾಕಿಂಗ್ ಗೆಳೆಯರೊಬ್ಬರು “ಏನ್ ಸಾರ್, ಪಲ್ಯಕ್ಕಾ?” ಅಂದರು. ನಾನು ತಲೆ ತಗ್ಗಿಸಿ ಜರಡಿಯನ್ನು ಇನ್ನೊಮ್ಮೆ ಮುಳುಗಿಸಿದೆ.

ತಂದದ್ದನ್ನು ತೊಳೆದು ತೊಟ್ಟಿಗೆ ಬಿಟ್ಟೆ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆ. ಮೂರು ಮೀನು ಉಳಿದವು. ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆ. ಅದೇ ಬಣ್ಣದ, ಅದೇ ಅಳತೆಯ ಎರಡು ಮೀನು ತಂದು ಅವುಗಳ ಜೊತೆ ಸೇರಿಸಿಬಿಟ್ಟೆ.

ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಹತ್ತಿರ ಹೋಗಿ ಊಟ ಉದುರಿಸಿದರು. ಮೂರು ಮೀನು ಅವರ ಬೆರಳಿನ ಹತ್ತಿರಕ್ಕೇ ಬಂದವು. ಎರಡು ಹಸಿರಿನಡಿ ನುಸುಳಿಕೊಂಡವು. ಅತ್ತಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಬಚಾವಾದೆ ಅಂದುಕೊಂಡೆ.

ಸಂಜೆ ಕಾಫಿ ಕೊಡುತ್ತಾ ಅಂದರು: “ಆ ಹೊಸವು ಎರಡೂ ಹೆದರ್ಕೊಂಡವೆ. ನಾಕ್ ದಿನ ಬುಡು, ಒಗ್ಗಿಕೊತ್ತವೆ.”

ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿ ಅಂತಲೇ ಕಾದೆ. ಅವರು ನನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದರು.

“ಆರನೇ ಕ್ಲಾಸಲ್ಲಿ ಮಾರ್ಕ್ಸ್ ಕಾರ್ಡಿಗೆ ನಿಮ್ಮಣ್ಣನ ಸೈನು ನೀನೇ ಹಾಕಿದ್ದಲ್ಲ, ಅದೂ ಗೊತ್ತಿತ್ತು ನಂಗೆ.”

“ಅಣ್ಣನಿಗೆ ಯಾಕೆ ಹೇಳಲಿಲ್ಲ ಅತ್ತಿಗೆ?”

“ಹೇಳಿದ್ರೆ ಚರ್ಮ ಸುಲೀತಿದ್ರು. ತಾಯಿ ಇಲ್ದ ಮಗು ನೀನು. ಒಂದಷ್ಟು ಬೈದೆ, ಒಂದಷ್ಟು ಮುಚ್ಚಾಕ್ದೆ. ಎಲ್ಲಾನೂ ಬಿಸಿಲಿಗೆ ಹಿಡಿದ್ರೆ ಮಕ್ಳು ಬಾಳ್ತವೇನೋ?”

ಅವರಿಗೆ ಇನ್ನೂ ಏನೇನು ಗೊತ್ತಿದೆ ಎಂದು ಕೇಳುವ ಧೈರ್ಯ ನನಗಂತೂ ಬರಲಿಲ್ಲ. ನಿಮ್ಮನ್ನು ಸಾಕಿದವರನ್ನು ಕೇಳುವ ಧೈರ್ಯ ನಿಮಗಿದೆಯೇ?